ಇದು ಉಷ್ಣ ಅಲ್ಲ: ಕೀಮೋ ಮಕ್ಕಳ ಬಾಯಿ ಹುಣ್ಣನ್ನು ದಾವಣಗೆರೆಯಲ್ಲಿ ಯಾರು ನೋಡಬೇಕು?

ನಿಟ್ಟುವಳ್ಳಿಯ ನಮ್ಮ ಪಕ್ಕದ ಮನೆಯಲ್ಲಿ ಬೆಳಗ್ಗೆ ಎದ್ದ ತಕ್ಷಣ ಮಾಡುವ ಮೊದಲ ಕೆಲಸ ಬಾಯಿ ನೋಡುವುದು. ಬ್ಲಡ್ ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿರುವ 6 ವರ್ಷದ ಹುಡುಗ ಅಡುಗೆಮನೆ ಕಟ್ಟೆಯ ಮೇಲೆ ಕೂರುತ್ತಾನೆ. ಅವನಮ್ಮ ಮೊಬೈಲ್ ಟಾರ್ಚ್ ಹಾಕಿ "ಆ ಅನ್ನು" ಅನ್ನುತ್ತಾರೆ. ತುಟಿಯ ಒಳಭಾಗ, ಎರಡೂ ಕೆನ್ನೆ, ನಾಲಿಗೆಯ ಅಡಿ, ಕೊನೆಗೆ ಅಂಗುಳ. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಗೋಡೆಯ ಕ್ಯಾಲೆಂಡರಿನಲ್ಲಿ ಕೀಮೋ ಕೊಟ್ಟ ದಿನಕ್ಕೆ ಕೆಂಪು ಪೆನ್ನಿನ ಸುತ್ತು ಇದೆ. ಅಲ್ಲಿಂದ ದಿನ ಎಣಿಸುತ್ತಾರೆ. ಐದು, ಆರು, ಏಳು.

ಮೊದಲ ಸಲ ಹೀಗೆ ಎಣಿಸುವುದು ಅವರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಿಂದ ಕೀಮೋ ಮುಗಿಸಿಕೊಂಡು ಬಂದಾಗ ಹುಡುಗ ಚೆನ್ನಾಗಿಯೇ ಇದ್ದ. ಒಂದು ವಾರ ಕಳೆಯುವಷ್ಟರಲ್ಲಿ ಕೆನ್ನೆಯೊಳಗೆ ಕೆಂಪಗಾಯಿತು. ಅಜ್ಜಿ ನೋಡಿ, "ಉಷ್ಣ ಆಗೈತವ್ವ, ಒಂಚೂರು ಬೆಣ್ಣೆ ಸವರು" ಅಂದರು. ಮೆಡಿಕಲ್ ಶಾಪಿನಲ್ಲಿ ಬಿ ಕಾಂಪ್ಲೆಕ್ಸ್ ಮಾತ್ರೆ, ಒಂದು ಜೆಲ್ ಕೊಟ್ಟರು. ಎರಡು ದಿನ ಬಿಟ್ಟು ಹುಡುಗ ಎಂಜಲು ನುಂಗುವುದಕ್ಕೂ ಅಳುತ್ತಿದ್ದ. ಮೂರನೇ ರಾತ್ರಿ ಜ್ವರ.

ಅಜ್ಜಿಯದ್ದಾಗಲಿ ಅಂಗಡಿಯವರದ್ದಾಗಲಿ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಬಾಯಿ ಹುಣ್ಣು ಅಂದರೆ ಉಷ್ಣ. ನಮಗೆಲ್ಲ ಆಗಿದೆ, ನಾಲ್ಕು ದಿನಕ್ಕೆ ಹೋಗಿದೆ. ಆದರೆ ಬ್ಲಡ್ ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿರುವ ಮಗುವಿನ ಬಾಯಿ ಹುಣ್ಣಿಗೂ ಈ ಉಷ್ಣಕ್ಕೂ ಸಂಬಂಧವೇ ಇಲ್ಲ. ಅದು ಬರುವ ದಾರಿ ಬೇರೆ, ಅದರಿಂದ ಆಗಬಹುದಾದ ಅಪಾಯವೂ ಬೇರೆ. ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಕೀಮೋ ಹಾಕುವುದು ದೊಡ್ಡ ಆಸ್ಪತ್ರೆಯಲ್ಲಿ. ಹುಣ್ಣು ಏಳುವ ಹೊತ್ತಿಗೆ ಮಗು ಇಲ್ಲಿ ಮನೆಯಲ್ಲಿರುತ್ತದೆ. ಜಗಳೂರಿನಲ್ಲೋ, ಹೊನ್ನಾಳಿಯಲ್ಲೋ, ಹೊಸದುರ್ಗದಲ್ಲೋ. ಆ ದಿನಗಳಲ್ಲಿ ಮಗುವಿನ ಬಾಯಿ ಯಾರ ಜವಾಬ್ದಾರಿ ಅನ್ನುವುದು ಯಾವ ಫೈಲಿನಲ್ಲೂ ಬರೆದಿರುವುದಿಲ್ಲ.

ಹುಣ್ಣು ಯಾಕೆ ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಎಎಲ್‌ಎಲ್ ಅನ್ನುವ ರಕ್ತ ಕ್ಯಾನ್ಸರ್. 2ರಿಂದ 5 ವರ್ಷದ ಮಕ್ಕಳಲ್ಲಿ ಜಾಸ್ತಿ. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮುಂದುವರಿದ ದೇಶಗಳಲ್ಲಿ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಉಳಿಯುತ್ತಾರೆ. ಅಂದರೆ ಇದು ಗುಣವಾಗುವ ಕಾಯಿಲೆ. ಈ ಮಾತನ್ನು ನಮ್ಮ ಹಳ್ಳಿಗಳಲ್ಲಿ ಇನ್ನೂ ಜೋರಾಗಿ ಹೇಳಬೇಕಾಗಿದೆ.

ಕೀಮೋ ಔಷಧಗಳು ಹೆಚ್ಚಾಗಿ ಬೇಗ ಬೇಗ ಒಡೆದು ಬೆಳೆಯುವ ಕಣಗಳ ಮೇಲೆ ಬೀಳುತ್ತವೆ. ಕ್ಯಾನ್ಸರ್ ಕಣಗಳು ಹಾಗೆ ಬೆಳೆಯುತ್ತವೆ. ಬಾಯೊಳಗಿನ ತೆಳು ಪೊರೆಯೂ ಹಾಗೆಯೇ. ಅದು ಒಂದೆರಡು ವಾರಕ್ಕೊಮ್ಮೆ ಪೂರ್ತಿ ಹೊಸದಾಗುತ್ತಿರುತ್ತದೆ. ಹಳೆಯದು ಸವೆದು ಹೋಗುತ್ತದೆ, ಅಡಿಯಿಂದ ಹೊಸದು ಬರುತ್ತದೆ. ಕೀಮೋ ಬಿದ್ದಾಗ ಸವೆಯುವುದು ನಿಲ್ಲುವುದಿಲ್ಲ, ಹೊಸದು ಬರುವುದು ಮಾತ್ರ ನಿಲ್ಲುತ್ತದೆ. ಅದಕ್ಕೇ ಕೀಮೋ ದಿನ ಏನೂ ಕಾಣುವುದಿಲ್ಲ. 4ರಿಂದ 7 ದಿನಕ್ಕೆ ಬಾಯಿ ಕೆಂಪಗಾಗುತ್ತದೆ, ಉರಿ ಶುರುವಾಗುತ್ತದೆ. 7ರಿಂದ 14 ದಿನದೊಳಗೆ ಹುಣ್ಣು ಜೋರಾಗುತ್ತದೆ. ಮೂರನೇ ವಾರದ ಹೊತ್ತಿಗೆ ಸಾಮಾನ್ಯವಾಗಿ ಮಾಯುತ್ತದೆ. ಮನೆಯವರು "ಬಾಯಿ ಬೆಂದು ಹೋಗಿದೆ" ಅನ್ನುತ್ತಾರೆ. ಒಳಗೆ ನೋಡಿದರೆ ನಿಜವಾಗಿಯೂ ಹಾಗೇ ಕಾಣುತ್ತದೆ.

ಎಲ್ಲ ಔಷಧವೂ ಬಾಯಿಯನ್ನು ಒಂದೇ ಥರ ಸುಡುವುದಿಲ್ಲ. ಎಎಲ್‌ಎಲ್ ಮಕ್ಕಳಲ್ಲಿ ಮುಖ್ಯವಾಗಿ ಹುಣ್ಣು ತರುವುದು ಮೆಥೊಟ್ರೆಕ್ಸೇಟ್. ಇದರ ಹಿಂದೆ ಒಂದು ಕಥೆ ಇದೆ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನೋಪ್ಟೆರಿನ್ ಅನ್ನುವ ಔಷಧ ಕೊಟ್ಟ 16 ಮಕ್ಕಳ ವಿವರ ಪ್ರಕಟಿಸಿದರು. ಅವರಲ್ಲಿ 10 ಮಕ್ಕಳ ಕಾಯಿಲೆ ಸ್ವಲ್ಪ ಕಾಲ ಹಿಂದೆ ಸರಿದಿತ್ತು. ಆ ಔಷಧ ಬಂದದ್ದು ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಕೆಲಸ ಮಾಡುತ್ತಿದ್ದ ಲೆಡರ್ಲೆ ಪ್ರಯೋಗಾಲಯದಿಂದ. ಬಾಯಿ ಹುಣ್ಣಿನ ತೊಂದರೆ ಆಗಲೇ ಕಂಡಿತ್ತು. ಮೆಥೊಟ್ರೆಕ್ಸೇಟ್ ಅದೇ ಮನೆತನದ್ದು. ಕಣಗಳು ಬೆಳೆಯಲು ಫೋಲಿಕ್ ಆಸಿಡ್ ಬೇಕು. ಈ ಔಷಧ ಅದನ್ನು ಬಳಸಲು ಬಿಡುವುದಿಲ್ಲ.

ಈಗ ಆ ಬಿ ಕಾಂಪ್ಲೆಕ್ಸ್ ಮಾತ್ರೆಗೆ ಬರೋಣ. ಅಂಥ ಎಷ್ಟೋ ಮಾತ್ರೆಗಳಲ್ಲಿ, "ರಕ್ತ ಆಗಲಿ" ಅಂತ ಕೊಡುವ ಟಾನಿಕ್ಕುಗಳಲ್ಲಿ ಫೋಲಿಕ್ ಆಸಿಡ್ ಇರುತ್ತದೆ. ಕೀಮೋ ಯಾವುದನ್ನು ತಡೆಯುತ್ತಿದೆಯೋ ಅದನ್ನೇ ನಾವು ಕೈಯಾರೆ ತುಂಬಿಸಿದ ಹಾಗೆ. ದೊಡ್ಡ ಪ್ರಮಾಣದ ಮೆಥೊಟ್ರೆಕ್ಸೇಟ್ ಹಾಕಿದ ಮೇಲೆ ಡಾಕ್ಟರೇ ಲ್ಯೂಕೊವೊರಿನ್ ಕೊಡುತ್ತಾರೆ. ಅದೂ ಫೋಲಿಕ್ ಆಸಿಡ್ಡಿನ ಜಾತಿಯದೇ. ಆದರೆ ಅದಕ್ಕೆ ಗಂಟೆ ಲೆಕ್ಕ ಇರುತ್ತದೆ, ರಕ್ತದಲ್ಲಿ ಔಷಧ ಎಷ್ಟು ಉಳಿದಿದೆ ಅಂತ ಪರೀಕ್ಷೆ ಇರುತ್ತದೆ. ಕ್ಯಾನ್ಸರಿಗೆ ಏಟು ಬೀಳುವವರೆಗೆ ಕಾದು, ಆಮೇಲೆ ಉಳಿದ ದೇಹವನ್ನು ಕಾಪಾಡುವ ಲೆಕ್ಕಾಚಾರ ಅದು. ಅದರ ಒಂದು ಡೋಸ್ ತಪ್ಪಿದರೂ ಬಾಯಿಗೆ ಪೆಟ್ಟು. ಬಸ್ಸು ತಪ್ಪುತ್ತೆ ಅಂತ ಮಾತ್ರೆ ಮುಂದೂಡಬಾರದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಚಿಕಿತ್ಸೆಯ ಕೊನೆಯ ಉದ್ದನೆಯ ಹಂತದಲ್ಲಿ ಮೆಥೊಟ್ರೆಕ್ಸೇಟನ್ನು ಮಾತ್ರೆಯಾಗಿ ಕೊಡುತ್ತಾರೆ, ಅದೂ ವಾರಕ್ಕೆ ಒಂದೇ ದಿನ. ಜೊತೆಗಿರುವ 6-ಎಂಪಿ ಅನ್ನುವ ಇನ್ನೊಂದು ಕೀಮೋ ಮಾತ್ರೆ ದಿನಾ. ಎರಡೂ ಪುಟ್ಟ ಮಾತ್ರೆಗಳು. ಚೀಟಿ ಇಂಗ್ಲಿಷಿನಲ್ಲಿ. ವಾರದ ಮಾತ್ರೆಯನ್ನು ದಿನಾ ನುಂಗಿಸಿದರೆ ಬಾಯಿ ತುಂಬ ಹುಣ್ಣಾಗುತ್ತದೆ, ಕೌಂಟ್ ನೆಲ ಕಚ್ಚುತ್ತದೆ. ಜೀವಕ್ಕೇ ಕುತ್ತು. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ ಆ ಡಬ್ಬಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿಡಿ. ಸೋಮವಾರ ಅಂದರೆ ಸೋಮವಾರ ಮಾತ್ರ.

ಬರೀ ಹುಣ್ಣಾದರೆ ನೋವು ಅಷ್ಟೇ ಅನ್ನಬಹುದಿತ್ತು. ಅದೇ ದಿನಗಳಲ್ಲಿ ಇನ್ನೊಂದು ನಡೆದಿರುತ್ತದೆ. ಕೀಮೋದಿಂದ ಬಿಳಿ ರಕ್ತಕಣಗಳೂ ಬಿದ್ದಿರುತ್ತವೆ. "ಕೌಂಟ್ ಬಿದ್ದಿದೆ" ಅನ್ನುತ್ತಾರಲ್ಲ, ಅದು. ಸೋಂಕಿನ ಜೊತೆ ಹೊಡೆದಾಡುವ ನ್ಯೂಟ್ರೊಫಿಲ್ ಕಣಗಳು 500ಕ್ಕಿಂತ ಕೆಳಗಿಳಿದರೆ ಮೈಯಲ್ಲಿ ಕಾವಲೇ ಇಲ್ಲ ಅಂತ ಅರ್ಥ. ಬಾಯಲ್ಲಿ ಎಲ್ಲರಿಗೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಪೊರೆ ಗಟ್ಟಿ ಇರುವವರೆಗೆ ಅವು ಬಾಯಲ್ಲೇ ಇರುತ್ತವೆ. ಪೊರೆ ಹರಿದರೆ ನೇರ ರಕ್ತಕ್ಕೆ ಇಳಿಯುತ್ತವೆ. ಚಿತ್ರದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿಂಡಿ ಸಣ್ಣದೇ ಇತ್ತು, ಆದರೆ ಶತ್ರು ನುಸುಳಿದ್ದು ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ.

ಕಾವಲು ಇಲ್ಲದ್ದರಿಂದ ಇನ್ನೊಂದು ಮೋಸವೂ ಆಗುತ್ತದೆ. ಕೀವು ಅಂದರೆ ಬಹುಪಾಲು ಸತ್ತ ಬಿಳಿ ರಕ್ತಕಣಗಳೇ. ಆ ಕಣಗಳೇ ಇಲ್ಲದ ಮಗುವಿಗೆ ಕೀವು ಎಲ್ಲಿಂದ ಬರಬೇಕು? ಊತವೂ ಅಷ್ಟಾಗಿ ಕಾಣುವುದಿಲ್ಲ. ಹಲ್ಲಿನ ಬುಡದಲ್ಲಿ ದೊಡ್ಡ ಸೋಂಕಿದ್ದರೂ ಹೊರಗೆ ಬರೀ ಸ್ವಲ್ಪ ಕೆಂಪು, ಒಂದಿಷ್ಟು ನೋವು. ಸುಮ್ನೆ ನೋಡಿ ಏನಿಲ್ಲ ಅಂತ ಕಳಿಸಿಬಿಟ್ಟರೆ ಕಷ್ಟ.

ಬಾಯಿಯ ತೊಂದರೆಗಳಲ್ಲಿ ಎರಡನ್ನು ಮನೆಯವರೂ ಗುರುತಿಸಬಹುದು. ಮೊಸರು ಚೆಲ್ಲಿದ ಹಾಗೆ ನಾಲಿಗೆ, ಅಂಗುಳ, ಕೆನ್ನೆಯ ಮೇಲೆ ಬಿಳಿ ಮಚ್ಚೆಗಳು ಕಂಡರೆ ಅದು ಬಹುತೇಕ ಕ್ಯಾಂಡಿಡಾ ಅನ್ನುವ ಫಂಗಸ್. ಒರೆಸಿದರೆ ಅಡಿಯಲ್ಲಿ ಕೆಂಪಗೆ ಕಾಣುತ್ತದೆ. ಈ ಚಿಕಿತ್ಸೆಯ ಭಾಗವಾಗಿ ಕೊಡುವ ಸ್ಟಿರಾಯ್ಡ್, ಜೊತೆಗೆ ಆಂಟಿಬಯೋಟಿಕ್ ಎರಡೂ ನಡೆಯುತ್ತಿರುವಾಗ ಇದು ಸುಲಭವಾಗಿ ಬರುತ್ತದೆ. ಇದಕ್ಕೆ ಔಷಧ ಇದೆ, ಆದರೆ ಅಂಗಡಿಯಿಂದ ತಂದು ಕೊಡುವಂಥದ್ದಲ್ಲ. ಕೆಲವು ಫಂಗಸ್ ಔಷಧಗಳು ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಇಂಜೆಕ್ಷನ್ ಜೊತೆ ಸೇರಿದರೆ ನರಗಳಿಗೆ ಪೆಟ್ಟು ಬೀಳುತ್ತದೆ. ಎರಡನೆಯದು ಹರ್ಪಿಸ್ ಅನ್ನುವ ವೈರಸ್. ತುಟಿಯಂಚಿನಲ್ಲಿ, ವಸಡಿನಲ್ಲಿ, ಅಂಗುಳದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ಒಡೆದು ಹುಣ್ಣಾಗುತ್ತವೆ. ಇದು ಕೀಮೋ ಹುಣ್ಣಿನ ಜೊತೆ ಕಲಸಿಹೋಗುವುದರಿಂದ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಹುಣ್ಣು ಮಾಯಬೇಕಾದ ದಿನ ದಾಟಿದರೂ ಮಾಯದಿದ್ದರೆ ಡಾಕ್ಟರಿಗೆ ಈ ಪ್ರಶ್ನೆ ಕೇಳಲೇಬೇಕು.

ಜ್ವರದ ವಿಷಯದಲ್ಲಿ ಮಾತ್ರ ತಡ ಮಾಡುವಂತಿಲ್ಲ. ಕೀಮೋ ನಡೆಯುತ್ತಿರುವ ಮಗುವಿಗೆ ಒಂದೇ ಸಲ 101 ಡಿಗ್ರಿ ಫ್ಯಾರನ್‌ಹೀಟ್ ಬಂದರೆ, ಅಥವಾ 100.4 ಬಂದು ಒಂದು ಗಂಟೆ ಹಾಗೇ ನಿಂತರೆ, ಅದು ಎಮರ್ಜೆನ್ಸಿ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಹೋಗಬೇಕು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಮಲಗಿಸಬಾರದು. ಸ್ಟಿರಾಯ್ಡ್ ನಡೆಯುವಾಗ ಜ್ವರವೇ ಬರದೆಯೂ ಸೋಂಕು ಇರಬಹುದು. ಮಗು ಸಪ್ಪಗಾದರೆ, ಕೈಕಾಲು ತಣ್ಣಗಾದರೆ ಅಷ್ಟೇ ಸಾಕು, ಹೊರಡಿ.

ಎಲ್ಲಿಗೆ ಹೊರಡುವುದು? ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಹೆದ್ದಾರಿ ಎಷ್ಟೇ ಚೆನ್ನಾಗಿದ್ದರೂ ನಾಲ್ಕೈದು ಗಂಟೆ ಬೇಕು. ನಮ್ಮ ಹುಡುಗನ ಮನೆಯವರು ಆ ರಾತ್ರಿ ಕಾರು ಹುಡುಕಿದರು, ಬೆಂಗಳೂರಿಗೇ ಹೋಗೋಣ ಅಂತ. ಅಲ್ಲಿ ಅವನ ಫೈಲ್ ಇದೆ, ಅವನ ಡಾಕ್ಟರ್ ಇದ್ದಾರೆ ಅನ್ನುವ ಧೈರ್ಯ. ಪುಣ್ಯಕ್ಕೆ ವಾರ್ಡಿನ ನರ್ಸ್ ಒಬ್ಬರು ಫೋನಿನಲ್ಲಿ, "ಮೊದಲು ಅಲ್ಲೇ ಅಡ್ಮಿಟ್ ಮಾಡಿ, ಮೊದಲ ಡೋಸ್ ಅಲ್ಲೇ ಹಾಕಿಸಿ, ಆಮೇಲೆ ಮಾತಾಡೋಣ" ಅಂದರು. ಆ ಒಂದು ಮಾತು ಅವನನ್ನು ಉಳಿಸಿತು ಅಂತಲೇ ನಾನು ನಂಬಿದ್ದೇನೆ. ನಮ್ಮಲ್ಲಿ ಬ್ಲಡ್ ಕ್ಯಾನ್ಸರ್ ಮಕ್ಕಳನ್ನು ಕಳೆದುಕೊಳ್ಳುವುದು ಕಾಯಿಲೆಯಿಂದ ಮಾತ್ರವಲ್ಲ. ಚಿಕಿತ್ಸೆಯ ನಡುವೆ ಸೋಂಕಿಗೆ ತುತ್ತಾಗುವ ಮಕ್ಕಳ ಪಾಲು ಮುಂದುವರಿದ ದೇಶಗಳಿಗಿಂತ ಇಲ್ಲಿ ಜಾಸ್ತಿ.

ಮನೆಯಲ್ಲಿ ಮಾಡಬಹುದಾದ ಆರೈಕೆ ತುಂಬ ಸಾದಾ. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾನೇ. ಊಟ ಆದಮೇಲೆ, ಮಲಗುವ ಮುಂಚೆ, ನಡುನಡುವೆ ಬಾಯಿ ಮುಕ್ಕಳಿಸಿ ಉಗುಳಬೇಕು. ದಿನಾ ಹೊಸದಾಗಿ ಮಾಡಿಕೊಳ್ಳಬೇಕು. ಉಗುಳಲು ಬಾರದ ಮಗುವಿಗೆ ಶುಭ್ರ ಬಟ್ಟೆಯನ್ನು ಈ ನೀರಿನಲ್ಲಿ ಅದ್ದಿ ಒರೆಸಬಹುದು. ಉರಿಯುವ ಮೌತ್‌ವಾಶ್ ಬೇಡ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕೊಡುವ ಕ್ಲೋರ್‌ಹೆಕ್ಸಿಡಿನ್ ಕೂಡ ಕೀಮೋ ಹುಣ್ಣನ್ನು ತಡೆಯುವುದಿಲ್ಲ.

ಹಲ್ಲುಜ್ಜುವುದನ್ನು ನಿಲ್ಲಿಸುವ ಮನೆಗಳನ್ನು ನಾನು ನೋಡಿದ್ದೇನೆ. ರಕ್ತ ಬರುತ್ತೆ ಅನ್ನುವ ಭಯ. ಭಯ ಅರ್ಥವಾಗುತ್ತದೆ, ಆದರೆ ನಿಲ್ಲಿಸಿದರೆ ಕೊಳೆ ಕೂತು ಸೋಂಕು ಜಾಸ್ತಿಯಾಗುತ್ತದೆ. ತೀರಾ ಮೆತ್ತನೆಯ ಬ್ರಷ್ ಸಾಕು. ಪ್ಲೇಟ್‌ಲೆಟ್ ತುಂಬ ಕಮ್ಮಿಯಾಗಿ ರಕ್ತ ಜಿನುಗುತ್ತಿದ್ದರೆ ಮಾತ್ರ ಡಾಕ್ಟರನ್ನು ಕೇಳಿ ಸ್ವಲ್ಪ ದಿನ ಬಟ್ಟೆಯಿಂದ ಒರೆಸುವುದು. ಬೇವಿನ ಕಡ್ಡಿ, ಇದ್ದಿಲು, ಬೆರಳಿಗೆ ಉಪ್ಪು ಹಚ್ಚಿ ತಿಕ್ಕುವುದು, ಯಾವುದೂ ಬೇಡ.

ಮನೆಮದ್ದಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಹುಣ್ಣಿಗೆ ಬಿಳಿಗಾರ ಹಚ್ಚುವ ರೂಢಿ ನಮ್ಮ ಕಡೆ ಇದೆ. ಬಿಳಿಗಾರ ಹೊಟ್ಟೆಗೆ ಹೋದರೆ ವಿಷ, ಮಕ್ಕಳಿಗಂತೂ ಬೇಡವೇ ಬೇಡ. ಹಸಿ ಬೆಣ್ಣೆಯನ್ನು ಹರಿದ ಪೊರೆಯ ಮೇಲೆ ಸವರುವುದೂ ಕೌಂಟ್ ಬಿದ್ದ ಮಗುವಿಗೆ ಒಳ್ಳೆಯದಲ್ಲ. ಅಂಗಡಿಯಲ್ಲಿ ಸಿಗುವ ಎಷ್ಟೋ ಹುಣ್ಣಿನ ಜೆಲ್ಲುಗಳಲ್ಲಿ ಸ್ಯಾಲಿಸಿಲೇಟ್ ಇರುತ್ತದೆ, ಆಸ್ಪಿರಿನ್ನಿನ ಜಾತಿ. ಅದೂ, ಐಬುಪ್ರೊಫೆನ್ ಥರದ ನೋವಿನ ಔಷಧಗಳೂ ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದನ್ನು ತಡೆಯಬಹುದು. ಪ್ಲೇಟ್‌ಲೆಟ್ ಕಮ್ಮಿ ಇದ್ದಾಗ ರಕ್ತಸ್ರಾವದ ಅಪಾಯ ಬೇರೆ. ಮರಗಟ್ಟಿಸುವ ಜೆಲ್ಲನ್ನು ಸಣ್ಣ ಮಕ್ಕಳಿಗೆ ಮನಸ್ಸಿಗೆ ಬಂದಷ್ಟು ಹಚ್ಚಿದರೆ ನುಂಗಿ ಬೇರೆಯೇ ತೊಂದರೆಯಾಗುತ್ತದೆ.

ಊಟ ಇನ್ನೊಂದು ಹೋರಾಟ. ಸ್ಟಿರಾಯ್ಡ್ ನಡೆಯುವ ವಾರಗಳಲ್ಲಿ ಮಕ್ಕಳಿಗೆ ಭಯಂಕರ ಹಸಿವು. ಅದೂ ಉಪ್ಪು, ಖಾರದ್ದೇ ಆಸೆ. ಈ ಹುಡುಗ ರಾತ್ರಿ ಎರಡು ಗಂಟೆಗೆ ಎದ್ದು "ಮಂಡಕ್ಕಿ, ಮಿರ್ಚಿ" ಅಂತ ಹಟ ಹಿಡಿಯುತ್ತಿದ್ದ. ದಾವಣಗೆರೆಯಲ್ಲಿ ಹುಟ್ಟಿದ ಮಗು, ಇನ್ನೇನು ಕೇಳೀತು? ಮಂಡಕ್ಕಿಯ ಒಂದೊಂದು ಕಾಳೂ ಮೆತ್ತಗಾದ ಬಾಯಿಗೆ ಮುಳ್ಳಿನ ಹಾಗೆ. ಅವರಮ್ಮ ಕಂಡುಕೊಂಡ ದಾರಿ ಹೀಗಿತ್ತು: ನೀರಾಗಿ ಕಲಸಿದ ಮೆತ್ತನೆ ಮುದ್ದೆ, ಖಾರ ಹುಳಿ ಇಲ್ಲದ ಬೇಳೆ ಕಟ್ಟು, ಹಾಲಲ್ಲಿ ನೆನೆಸಿದ ಇಡ್ಲಿ, ಆರಿಸಿದ ರಾಗಿ ಗಂಜಿ. ಎಲ್ಲ ಆಗಷ್ಟೇ ಮಾಡಿದ್ದು, ಉಗುರುಬೆಚ್ಚಗೆ. ನೀರು ಕೂಡ ಇಳಿಯದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು. ಡಾಕ್ಟರುಗಳು ಹುಣ್ಣನ್ನು 0ಯಿಂದ 4ರವರೆಗೆ ಅಳೆಯುತ್ತಾರೆ. ಹುಣ್ಣಿದ್ದರೂ ಗಟ್ಟಿ ಊಟ ಇಳಿದರೆ 2, ಬರೀ ನೀರಾಹಾರ ಇಳಿದರೆ 3, ಬಾಯಿಂದ ಏನೂ ಸಾಧ್ಯವಿಲ್ಲದಿದ್ದರೆ 4. ಫೋನಿನಲ್ಲಿ "ತುಂಬ ಹುಣ್ಣಾಗಿದೆ ಸಾರ್" ಅನ್ನುವುದಕ್ಕಿಂತ "ನಿನ್ನೆಯಿಂದ ಗಂಜಿ ಮಾತ್ರ ಇಳೀತಿದೆ" ಅಂದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ನೋವಿನ ಬಗ್ಗೆಯೂ ಒಂದು ಮಾತು. 3, 4ರ ಹುಣ್ಣಿಗೆ ಮಾರ್ಫಿನ್ ಬೇಕಾಗಬಹುದು. ಹೆಸರು ಕೇಳಿಯೇ ಮನೆಯವರು ಬೆಚ್ಚುತ್ತಾರೆ. ಡಾಕ್ಟರ ಲೆಕ್ಕದಲ್ಲಿ, ಕೆಲವು ದಿನ ಕೊಟ್ಟರೆ ಮಗುವಿಗೆ ಚಟ ಹತ್ತುವುದಿಲ್ಲ. ಆಸ್ಪತ್ರೆಗಳಿಗೆ ಇದು ಸುಲಭವಾಗಿ ಸಿಗಲಿ ಅಂತ 2014ರಲ್ಲೇ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ ತಿದ್ದುಪಡಿಯಾಯಿತು. ಎಂಜಲು ನುಂಗಲಾರದೆ ಬಟ್ಟಲು ಹಿಡಿದು ಕೂತ ಮಗುವನ್ನು ಒಮ್ಮೆ ನೋಡಿದವರು ಈ ಔಷಧಕ್ಕೆ ಬೇಡ ಅನ್ನಲಾರರು.

ಈಗ ಊರಿನ ಮಾತು. ದಾವಣಗೆರೆಯಲ್ಲಿ ಏನಿಲ್ಲ ಹೇಳಿ? ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜು ಇದೆ. ಒಂದಲ್ಲ, ಎರಡು ಡೆಂಟಲ್ ಕಾಲೇಜುಗಳಿವೆ. ಮಕ್ಕಳ ಹಲ್ಲು ನೋಡುವುದಕ್ಕೇ ಬೇರೆ ವಿಭಾಗಗಳಿವೆ. ಇಷ್ಟು ಹಲ್ಲಿನ ಡಾಕ್ಟರುಗಳು ಒಂದೇ ಊರಲ್ಲಿ ಸಿಗುವ ಜಿಲ್ಲೆಗಳು ಕರ್ನಾಟಕದಲ್ಲಿ ಎಷ್ಟಿವೆ? ಆದರೂ ಈ ಹುಡುಗನ ಹುಳುಕು ಹಲ್ಲು ತೋರಿಸಲು ಒಂದು ಕ್ಲಿನಿಕ್ಕಿಗೆ ಹೋದಾಗ, ಫೈಲ್ ನೋಡುತ್ತಲೇ "ಕ್ಯಾನ್ಸರ್ ಪೇಷೆಂಟ್ ಅಲ್ವಾ, ಬೆಂಗಳೂರಲ್ಲೇ ತೋರಿಸಿ" ಅಂದುಬಿಟ್ಟರು. ಬೆಂಗಳೂರಿನಲ್ಲಿ ಕೇಳಿದರೆ ಕೀಮೋ ಮುಂದೂಡಲು ಆಗುವುದಿಲ್ಲ, ಹಲ್ಲು ಊರಲ್ಲೇ ತೋರಿಸಿ ಅಂದರು. ಇಬ್ಬರದೂ ಕೆಟ್ಟ ಮನಸ್ಸಲ್ಲ. ಹಲ್ಲಿನವರಿಗೆ ಕೌಂಟಿನ ಭಯ, ಕ್ಯಾನ್ಸರಿನವರಿಗೆ ಸಮಯದ ಒತ್ತಡ. ನಡುವೆ ಮಗುವಿನ ಹುಳುಕು ಹಲ್ಲು ಹಾಗೇ ಉಳಿಯಿತು.

ಈ ಭಯಕ್ಕೆ ಉತ್ತರ ಇದೆ. ಕೀಮೋ ಶುರುವಾಗುವ ಮುಂಚೆ, ಇಲ್ಲವಾದರೆ ಶುರುವಾದ ಮೇಲೆ ಬೇಗನೆ, ಮಗುವಿನ ಬಾಯಿಯನ್ನು ಒಮ್ಮೆ ಪೂರ್ತಿ ನೋಡಬೇಕು. ಹುಳುಕು ತುಂಬಿಸಬೇಕು, ಬೀಳುವ ಹಾಲು ಹಲ್ಲು, ಸೋಂಕಿನ ಹಲ್ಲು ಯಾವುದಿದೆ ಅಂತ ಗುರುತಿಸಬೇಕು. ಆಮೇಲೆ ಯಾವ ಕೆಲಸ ಯಾವಾಗ ಅನ್ನುವುದನ್ನು ನ್ಯೂಟ್ರೊಫಿಲ್ ಮತ್ತು ಪ್ಲೇಟ್‌ಲೆಟ್ ಅಂಕಿ ನೋಡಿ ತೀರ್ಮಾನಿಸಬಹುದು. ನ್ಯೂಟ್ರೊಫಿಲ್ 1000ಕ್ಕಿಂತ ಕಮ್ಮಿ ಇದ್ದರೆ ತುರ್ತಲ್ಲದ ಕೆಲಸ ಮುಂದೂಡುವುದು ರೂಢಿ. ಕೌಂಟ್ ಏರಿದ ವಾರದಲ್ಲಿ ಮಾಡಬಹುದು. ಅದಕ್ಕೆ ಬೇಕಾದ ರಕ್ತ ಪರೀಕ್ಷೆ ಇಲ್ಲೇ ಆಗುತ್ತದೆ. ಬೇಕಾಗಿರುವುದು ಎರಡೂ ಕಡೆಯ ಡಾಕ್ಟರುಗಳ ನಡುವೆ ಒಂದು ಪುಟದ ಕಾಗದ: ಯಾವ ಔಷಧ ಯಾವ ದಿನ ಕೊಟ್ಟಿದೆ, ಕೌಂಟ್ ಯಾವಾಗ ಬೀಳಬಹುದು, ಜ್ವರ ಬಂದರೆ ಮೊದಲು ಯಾವ ಆಂಟಿಬಯೋಟಿಕ್, ಯಾರಿಗೆ ಫೋನ್. 1973ರಿಂದ ನಡೆಯುತ್ತಿರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸಂಸ್ಥೆಗೆ ರಾಜ್ಯದ ಮೂಲೆ ಮೂಲೆಯಿಂದ ಮಕ್ಕಳು ಹೋಗುತ್ತಾರೆ. ಅಲ್ಲಿಂದ ವಾಪಸ್ ಬರುವ ಪ್ರತಿ ಮಗುವಿನ ಕೈಯಲ್ಲಿ ಕನ್ನಡದ ಇಂಥ ಒಂದು ಪುಟ ಇರಬೇಕು ಅನ್ನುವುದು ದೊಡ್ಡ ಬೇಡಿಕೆಯಲ್ಲ. ನಮ್ಮ ಡೆಂಟಲ್ ಕಾಲೇಜುಗಳು ವಾರಕ್ಕೆ ಒಂದು ಬೆಳಗ್ಗೆ ಈ ಮಕ್ಕಳಿಗೆ ಅಂತಲೇ, ಬೇರೆ ರೋಗಿಗಳ ಗುಂಪಿಲ್ಲದ ಕೋಣೆಯಲ್ಲಿ, ಸಮಯ ಇಟ್ಟರೆ ಸಾಕು. ಕಲಿಯುತ್ತಿರುವ ಹುಡುಗ ಹುಡುಗಿಯರಿಗೂ ಅದಕ್ಕಿಂತ ದೊಡ್ಡ ಪಾಠ ಸಿಗಲಾರದು.

ಜಾಗತಿಕ ಮಟ್ಟದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಒಂದು ಗುರಿ ಹಾಕಿಕೊಂಡಿದೆ: 2030ರೊಳಗೆ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕನಿಷ್ಠ ಶೇ. 60ರಷ್ಟು ಉಳಿಯಬೇಕು. ಆ ಗುರಿಗಾಗಿ ಮುಖ್ಯವಾಗಿ ಆರಿಸಿಕೊಂಡ ಕ್ಯಾನ್ಸರುಗಳ ಪಟ್ಟಿಯಲ್ಲಿ ಎಎಲ್‌ಎಲ್ ಇದೆ. ಹುಣ್ಣು ಜೋರಾದರೆ ಮುಂದಿನ ಕೀಮೋ ಮುಂದೆ ಹೋಗುತ್ತದೆ, ಇಲ್ಲವೇ ಡೋಸ್ ಇಳಿಸಬೇಕಾಗುತ್ತದೆ. ಪದೇ ಪದೇ ಹಾಗಾದರೆ ಕ್ಯಾನ್ಸರಿಗೆ ಬೀಳಬೇಕಾದ ಏಟು ಬೀಳುವುದಿಲ್ಲ. ಹಾಗಾಗಿ ಬಾಯಿಯ ಆರೈಕೆಯೂ ಕ್ಯಾನ್ಸರ್ ಚಿಕಿತ್ಸೆಯೇ. ಬೆಳಕಿನ ಲೇಸರ್ ಥರದ ಹೊಸ ವಿಧಾನಗಳು ಕೆಲವು ಗುಂಪಿನ ರೋಗಿಗಳಿಗೆ, ಮುಖ್ಯವಾಗಿ ಅಸ್ಥಿಮಜ್ಜೆ ಕಸಿಯವರಿಗೆ, ಉಪಯೋಗವಾಗುತ್ತಿವೆ. ಅವು ಬರಲಿ. ಅದಕ್ಕೂ ಮುಂಚೆ ಟಾರ್ಚ್, ಉಪ್ಪು ಸೋಡಾ ನೀರು, ಥರ್ಮಾಮೀಟರ್, ಫೋನ್ ನಂಬರ್ ಪ್ರತಿ ಮನೆಗೆ ಬರಬೇಕು.

ನಮ್ಮ ಹುಡುಗ ಒಂಬತ್ತು ದಿನ ಅಡ್ಮಿಟ್ ಆಗಿದ್ದ. ಕೌಂಟ್ ಏರುತ್ತಿದ್ದ ಹಾಗೆ ಹುಣ್ಣೂ ಮಾಯಿತು. ಮನೆಗೆ ಬಂದ ಮರುದಿನ ಬೆಣ್ಣೆ ದೋಸೆ ಬೇಕು ಅಂದ. ಅಜ್ಜಿಯೇ ಒಲೆ ಮುಂದೆ ನಿಂತು ಹೊಯ್ದರು. ಚಟ್ನಿ ಇಲ್ಲ. ಸುತ್ತ ಗರಿಗರಿಯಾದ ಅಂಚನ್ನು ಕತ್ತರಿಯಿಂದ ಕತ್ತರಿಸಿ ತೆಗೆದು, ನಡುವಿನ ಮೆತ್ತನೆಯದನ್ನು ಆಲೂಗಡ್ಡೆ ಪಲ್ಯದ ಜೊತೆ ಕಿವುಚಿ ತಟ್ಟೆಗೆ ಹಾಕಿದರು. ಅವನು ತಿನ್ನುತ್ತಿರುವಾಗ ಅವನಮ್ಮ ಕ್ಯಾಲೆಂಡರಿನಲ್ಲಿ ಹಳೆಯ ಕೆಂಪು ಸುತ್ತನ್ನು ಹೊಡೆದು, ಒಂದು ವಾರ ಮುಂದಕ್ಕೆ ಹೊಸ ಸುತ್ತು ಹಾಕಿದರು. ಅದರ ಪಕ್ಕ ಏಳು ದಿನ ಎಣಿಸಿ, ಇನ್ನೊಂದು ಚೌಕದಲ್ಲಿ "ಬಾಯಿ" ಅಂತ ಬರೆದರು.